ಫೋಟೋಗೆ 50 ರೂಪಾಯಿ: ಕಾರವಾರದಲ್ಲಿ ನಾನು ಗಿರಾಕಿ ಹುಡುಕಿದ ಬಗೆ

"ಬಾರದ ಗಿರಾಕಿಗೂ ದುಡ್ಡು ಕೊಡ್ತೀಯಲ್ಲ ಮಾರಾಯ, ತಲೆ ಸರಿ ಇದೆಯಾ?" ಎಂದು ಕೇಳಿದವರು ಒಬ್ಬಿಬ್ಬರಲ್ಲ. ನಮ್ಮ ಮನೆಯಲ್ಲೂ ಕೇಳಿದರು. ಹುಬ್ಬಳ್ಳಿಯಲ್ಲಿ ನನಗೆ ಕಾರು ಪಾಲಿಶ್ ಕೆಲಸ ಕಲಿಸಿದ ಮೇಸ್ತ್ರಿಯೂ ಕೇಳಿದರು. ಈಗ ಅದೇ ಮೇಸ್ತ್ರಿ ಫೋನ್ ಮಾಡಿ, "ಅದೇನೋ ಫೋಟೋ ಲೆಕ್ಕ ಅಂದ್ಯಲ್ಲ, ಸ್ವಲ್ಪ ಬಿಡಿಸಿ ಹೇಳು" ಎನ್ನುತ್ತಾರೆ. ಅದಕ್ಕೇ ಬರೆಯುತ್ತಿದ್ದೇನೆ. ನನ್ನದು ಕಾರು ತೊಳೆದು, ಪಾಲಿಶ್ ಮಾಡಿ, ತಳಕ್ಕೆ ತುಕ್ಕು ಹಿಡಿಯದ ಹಾಗೆ ಕೋಟಿಂಗ್ ಹೊಡೆಯುವ ಕೆಲಸ. ದೋಸ್ತನ ಅಂಗಡಿಯ ಹುಡುಗರು ಗಾಡಿಯ ಅಡಿಯ ಫೋಟೋ ತೆಗೆದರೆ, ಆ ಗಾಡಿಯವರು ನನ್ನ ಹತ್ತಿರ ಬರಲಿ ಬಿಡಲಿ, ಹುಡುಗರಿಗೆ 50 ರೂಪಾಯಿ ಕೊಡುತ್ತೇನೆ. ಜನ ಬೈದದ್ದು ಇದಕ್ಕೇ.

ನನ್ನ ಶೆಡ್ ಕಾರವಾರದಿಂದ ಬಿಣಗಾ ಕಡೆ ಹೋಗುವ ದಾರಿಯಲ್ಲಿದೆ. 2022ರ ಕೊನೆಗೆ ಶುರು ಮಾಡಿದೆ. ಬಾಡಿಗೆ 7,000. ಅಡ್ವಾನ್ಸ್, ಪ್ರೆಶರ್ ಮೆಷಿನ್, ವ್ಯಾಕ್ಯೂಮ್, ಕೆಮಿಕಲ್ ಎಲ್ಲಾ ಸೇರಿ ಮೂರೂವರೆ ಲಕ್ಷದ ಹತ್ತಿರ ಹೋಯಿತು. ಅದರಲ್ಲಿ ಸೊಸೈಟಿ ಸಾಲವೂ ಇತ್ತು, ಹೆಂಡತಿಯ ಎರಡು ಬಳೆಯೂ ಇದ್ದವು. ಕೆಲಸ ನನಗೆ ಚೆನ್ನಾಗಿ ಬರುತ್ತದೆ, ಅದರಲ್ಲಿ ಅನುಮಾನ ಇರಲಿಲ್ಲ. ಕಪ್ಪು ಬಣ್ಣದ ಗಾಡಿಯನ್ನು ಒಂದೂ ಸುತ್ತಿನ ಗೆರೆ ಉಳಿಯದ ಹಾಗೆ ಮಾಡಿ ಬಿಸಿಲಿಗೆ ನಿಲ್ಲಿಸುತ್ತಿದ್ದೆ. ಆದರೆ ನೋಡುವವರು ಬರಬೇಕಲ್ಲ.

ಮೊದಲ ವರ್ಷ ದುಡ್ಡು ಹೋದ ದಾರಿ ಹೇಳುತ್ತೇನೆ. ಪೇಪರ್ ಒಳಗಿಟ್ಟು ಹಂಚುವ ಪಾಂಪ್ಲೆಟ್ ಹೊಡೆಸಿದೆ. ಹಂಚುವ ಹುಡುಗರಿಗೆ ಕೊಟ್ಟದ್ದೂ ಸೇರಿ 4,000 ರೂಪಾಯಿ ಆಯಿತು. ಬಂದ ಫೋನ್ ಹನ್ನೊಂದೋ ಹನ್ನೆರಡೋ. ಹೆಚ್ಚಿನವರದು "ಬರೀ ವಾಶ್ ಎಷ್ಟು?" ಎಂಬ ಒಂದೇ ಪ್ರಶ್ನೆ. ನಿಜವಾಗಿ ಬಂದವರು ಇಬ್ಬರು. ಮೊಬೈಲ್ ಜಾಹೀರಾತಿಗೆ ಎರಡು ತಿಂಗಳಲ್ಲಿ ಒಂಬತ್ತು ಸಾವಿರ ಸುರಿದೆ. ಗೋವಾದವರು, ಬೆಳಗಾವಿಯವರು ಲೈಕ್ ಒತ್ತಿದರು, ಇಲ್ಲೇ ಕಾರವಾರದ ಕೋಡಿಬಾಗದವನು ಒಬ್ಬನೂ ಬರಲಿಲ್ಲ. ಅರ್ಧ ಬೆಲೆ ಕೂಪನ್ ಮಾಡಿದಾಗ ಗಾಡಿ ಬಂದವು, ನಿಜ. ಆದರೆ ಅರ್ಧ ಬೆಲೆಗೆ ಬಂದವರು ಪೂರ್ತಿ ಬೆಲೆಗೆ ತಿರುಗಿ ಬರಲಿಲ್ಲ. ಕೊನೆಗೆ ಒಂದು ಕಂಪನಿ "ನಾವೇ ಗಿರಾಕಿಗಳ ನಂಬರ್ ಕಳಿಸ್ತೇವೆ" ಎಂದು 18,000 ತೆಗೆದುಕೊಂಡಿತು. ಕಳಿಸಿದ ನಂಬರಿನಲ್ಲಿ ಅರ್ಧಕ್ಕರ್ಧ ಹತ್ತಲೇ ಇಲ್ಲ. ಆ 18,000 ಇವತ್ತಿಗೂ ಹೊಟ್ಟೆ ಉರಿಸುತ್ತದೆ.

ಗೋಕರ್ಣದ ಎರಡು ಹೋಂಸ್ಟೇಗಳ ಜೊತೆ ಮಾತಾಡಿಕೊಂಡೆ. ಪ್ರವಾಸಿಗರ ಗಾಡಿಗೆ ಮರಳು ತುಂಬಿರುತ್ತದೆ, ಕೆಲವರಂತೂ ಅಲೆ ಬರುವ ಕಡೆಯೇ ಗಾಡಿ ಇಳಿಸಿರುತ್ತಾರೆ, ಕೆಲಸ ಸಿಗುತ್ತದೆ ಎಂದುಕೊಂಡೆ. ಆದರೆ ಭಾನುವಾರ ಊರಿಗೆ ಹೊರಟವನಿಗೆ ಮೂರು ತಾಸು ಎಲ್ಲಿಂದ ಬರಬೇಕು? ಅದೂ ನಿಂತಿತು.

2024ರ ಜುಲೈ 16ರಂದು ಅಂಕೋಲಾ ಹತ್ತಿರದ ಶಿರೂರಿನಲ್ಲಿ ಗುಡ್ಡ ಕುಸಿಯಿತು. ಎಷ್ಟೋ ದಿನ ಹೆದ್ದಾರಿ ಬಂದ್. ಆಗಸ್ಟ್ 7ರ ನಸುಕಿನಲ್ಲಿ ಕಾಳಿ ನದಿಯ ಹಳೇ ಸೇತುವೆಯೂ ಬಿತ್ತು. ಶಿರೂರಿನಲ್ಲಿ ಮನೆಮಂದಿಯನ್ನು ಕಳಕೊಂಡವರ ಮುಂದೆ ನನ್ನ ವ್ಯಾಪಾರದ ಕಷ್ಟ ಯಾವ ಲೆಕ್ಕದ್ದೂ ಅಲ್ಲ. ಆದರೆ ಶೆಡ್ ಖಾಲಿ ಬಿದ್ದದ್ದು ನಿಜ. ಸುಮ್ನೆ ಕೂರಲಾರದೆ, ವೀಲ್ ಅಲೈನ್‌ಮೆಂಟ್ ಅಂಗಡಿ ಇಟ್ಟಿರುವ ದೋಸ್ತನ ಹತ್ತಿರ ಹೋಗಿ ಚಾ ಕುಡಿಯುತ್ತಾ ಕೂರುತ್ತಿದ್ದೆ.

ಅಲ್ಲಿ ಒಂದು ದಿನ ಬಿಳಿ ಬಣ್ಣದ ಸಣ್ಣ ಕಾರು ಲಿಫ್ಟ್ ಮೇಲೆ ಏರಿತ್ತು. ನಾಲ್ಕು ವರ್ಷದ ಗಾಡಿ. ಮೇಲೆ ಕನ್ನಡಿಯ ಹಾಗೆ ಹೊಳಪು. ನಾನು ಕೆಳಗೆ ಹೋಗಿ ಟಾರ್ಚ್ ಬಿಟ್ಟೆ. ಸೈಲೆನ್ಸರ್ ಜೋಡಿಸುವ ಕಡೆಯ ಬೋಲ್ಟುಗಳಿಗೆ ತಲೆಯೇ ಉಳಿದಿರಲಿಲ್ಲ, ತುಕ್ಕಿನ ಮುದ್ದೆ ಆಗಿದ್ದವು. ಹಿಂದಿನ ಚಕ್ರದ ಹತ್ತಿರ ಕಲ್ಲು ಬಡಿದು ಕೋಟಿಂಗ್ ಎದ್ದಲ್ಲೆಲ್ಲ ಕೆಂಪು. ಬಾಗಿಲಿನ ಕೆಳ ಅಂಚಿನಲ್ಲಿ ನೀರು ಇಳಿಯುವ ತೂತಿಗೆ ಕೆಂಪು ಮಣ್ಣು ಗಟ್ಟಿಯಾಗಿ ಕೂತಿತ್ತು. ಪಿನ್ನಿನಿಂದ ಚುಚ್ಚಿದೆ, ಒಳಗಿನಿಂದ ಕಂದು ನೀರು ಸೋರಿತು, ನಿಲ್ಲಲು ಒಂದು ನಿಮಿಷ ಬೇಕಾಯಿತು. ಮೊಬೈಲಿನಲ್ಲಿ ಐದಾರು ಫೋಟೋ ಹೊಡೆದು ಮಾಲೀಕರಿಗೆ ತೋರಿಸಿದೆ. ಆಮದಳ್ಳಿ ಕಡೆಯ ಹಿರಿಯರು. ಫೋಟೋ ದೊಡ್ಡದು ಮಾಡಿ ಮಾಡಿ ನೋಡಿದರು. "ತಮ್ಮಾ, ಇದು ನನ್ನದೇ ಗಾಡಿಯಾ?" ಎಂದರು. ನಾನು ಏನೂ ಕೇಳಿರಲಿಲ್ಲ. ಮರುದಿನ ಬೆಳಿಗ್ಗೆ ಅವರ ಗಾಡಿ ನನ್ನ ಶೆಡ್ಡಿನಲ್ಲಿತ್ತು.

ಆಗ ಗೊತ್ತಾಯಿತು. ಸಮುದ್ರದ ದಂಡೆಯಲ್ಲಿ ಗಾಡಿ ಮೇಲಿಂದ ಹಾಳಾಗುವುದು ಕಡಿಮೆ, ಅಡಿಯಿಂದ ಹಾಳಾಗುವುದು ಜಾಸ್ತಿ. ಅದನ್ನು ಮಾಲೀಕ ಜನ್ಮದಲ್ಲಿ ನೋಡಿರುವುದಿಲ್ಲ. ನಾನು ಎರಡು ವರ್ಷ ಅವರು ದಿನಾ ನೋಡುವ ಬಾನೆಟ್ಟಿನ ಹೊಳಪು ಮಾರಲು ಹೋಗಿದ್ದೆ.

ದೋಸ್ತನ ಹತ್ತಿರ ಮಾತಾಡಿ ಕಮಿಷನ್ ಇಟ್ಟೆ. ಅವನ ಹುಡುಗರು ಕಳಿಸಿದ ಗಿರಾಕಿ ಕೆಲಸ ಮಾಡಿಸಿದರೆ ನೂರಕ್ಕೆ ಹತ್ತು. ಇದು ನಾನು ಮಾಡಿದ ದೊಡ್ಡ ತಪ್ಪು. ಕಮಿಷನ್ ಆಸೆಗೆ ಹುಡುಗರು ಎಲ್ಲರನ್ನೂ ಹೆದರಿಸಲು ಶುರು ಮಾಡಿದರು. ಆರು ತಿಂಗಳ ಹೊಸ ಗಾಡಿಯವನಿಗೂ "ತಳ ಹೋಗಿದೆ ಸರ್" ಅಂದರು. ಬಿಲ್ ಪುಸ್ತಕದಿಂದ ನಂಬರ್ ತೆಗೆದು ಕೇಳದೆಯೇ ಫೋಟೋ ಕಳಿಸಿದರು. ಒಬ್ಬರು ನೌಕಾನೆಲೆಯವರು ನೇರ ಅಂಗಡಿಗೆ ಬಂದು, ನನ್ನ ನಂಬರ್ ಯಾರು ಕೊಟ್ಟದ್ದು ಎಂದು ದಬಾಯಿಸಿದರು. ಅವರು ಕೇಳಿದ್ದು ನ್ಯಾಯವೇ. ಕ್ಷಮೆ ಕೇಳಿದೆ. ದೋಸ್ತ ಇನ್ನು ಬೇಡ ಎಂದು ಕೈ ಮುಗಿದ.

ಒಂದು ವಾರ ಬಿಟ್ಟು ಮತ್ತೆ ಹೋದೆ. ಈ ಸಲ ಕಟ್ಟು ಬೇರೆ. ಗಿರಾಕಿ ಬರಲಿ ಬಿಡಲಿ, ಪ್ರತಿ ಗಾಡಿಯ ಫೋಟೋಗೆ ಹುಡುಗನಿಗೆ 50 ರೂಪಾಯಿ. ಗಾಡಿ ಚೆನ್ನಾಗಿದ್ದರೆ "ಚೆನ್ನಾಗಿದೆ" ಅಂತಲೇ ಹೇಳಬೇಕು. ಮಾಲೀಕರು ತಾವಾಗಿ ನಂಬರ್ ಕೊಟ್ಟರೆ ಮಾತ್ರ ಕಳಿಸಬೇಕು. ಒಂದು ಸುಳ್ಳು ಹೇಳಿದ್ದು ಕಿವಿಗೆ ಬಿದ್ದರೆ ಆ ತಿಂಗಳ ಲೆಕ್ಕ ಪೂರ್ತಿ ರದ್ದು. ಬಾರದವರಿಗೂ ದುಡ್ಡು ಎಂದು ಎಲ್ಲರೂ ಬೈದದ್ದು ಇದಕ್ಕೇ. ಆದರೆ ಸುಳ್ಳು ಹೇಳಿದರೂ ಹೇಳದಿದ್ದರೂ ಹುಡುಗನಿಗೆ ಸಿಗುವುದು ಅಷ್ಟೇ ಎಂದಾದ ಮೇಲೆ ಅವನು ಯಾಕೆ ಸುಳ್ಳು ಹೇಳುತ್ತಾನೆ?

ಫೋಟೋ ತೆಗೆಯುವುದಕ್ಕೂ ಒಂದು ಕ್ರಮ ಇದೆ. ಮಕ್ಕಳ ಸಣ್ಣ ಸ್ಲೇಟಿನ ಮೇಲೆ ಗಾಡಿ ನಂಬರಿನ ಕೊನೆಯ ನಾಲ್ಕು ಅಂಕಿ, ತಾರೀಕು ಬರೆದು ಫೋಟೋದೊಳಗೆ ಇಡಬೇಕು. ಇಲ್ಲದಿದ್ದರೆ ಬೇರೆ ಯಾರದ್ದೋ ಗಾಡಿ ಎನ್ನುತ್ತಾರೆ. ಟಾರ್ಚ್ ಎದುರಿಗೆ ಹಿಡಿದರೆ ಎಲ್ಲ ಬೆಳ್ಳಗೆ ಕಾಣುತ್ತದೆ, ಪಕ್ಕದಿಂದ ಹಿಡಿದರೆ ತುಕ್ಕಿನ ಪದರ ಎದ್ದು ಕಾಣುತ್ತದೆ. ಜಾಗ ಯಾವಾಗಲೂ ಅವೇ ಇರಬೇಕು: ಸೈಲೆನ್ಸರ್ ಬೋಲ್ಟು, ಬ್ರೇಕ್ ಪೈಪಿನ ಕ್ಲಿಪ್ಪು, ಹಿಂದಿನ ಚಕ್ರದ ಒಳಗೋಡೆ, ಬಾಗಿಲಿನ ಕೆಳ ಅಂಚು, ಸ್ಟೆಪ್ನಿ ಇಡುವ ಗುಂಡಿ. ಆರನೆಯದು ಒಂದಿದೆ. ಹತ್ತರಲ್ಲಿ ಎಂಟು ಗಿರಾಕಿ ಅದನ್ನು ನೋಡಿಯೇ ಬರುವುದು. ಅದು ನನ್ನಲ್ಲೇ ಇರಲಿ. ಫೋಟೋ ಕಳಿಸಿ ಎಷ್ಟು ದಿನಕ್ಕೆ ಏನು ಮೆಸೇಜ್ ಹಾಕುತ್ತೇನೆ ಎನ್ನುವುದನ್ನೂ ಹೇಳುವುದಿಲ್ಲ. ಮೊದಲ ಮೆಸೇಜಿನಲ್ಲಿ ರೇಟ್ ಮಾತ್ರ ಹಾಕಬೇಡಿ.

ಮೊದಲ ಹನ್ನೆರಡು ತಿಂಗಳಲ್ಲಿ ಸುಮಾರು 400 ಗಾಡಿಯ ಫೋಟೋ ಆಯಿತು. ಹುಡುಗರಿಗೆ ಕೊಟ್ಟದ್ದು ಇಪ್ಪತ್ತು ಸಾವಿರದ ಆಸುಪಾಸು. ಅದರಲ್ಲಿ 110 ಗಾಡಿ ಒಂದಲ್ಲ ಒಂದು ಕೆಲಸಕ್ಕೆ ಬಂದವು, ಅರವತ್ತರ ಹತ್ತಿರ ಅಂಡರ್‌ಬಾಡಿ ಕೋಟಿಂಗ್, ಅಂದರೆ ಗಾಡಿಯ ತಳಕ್ಕೆ ತುಕ್ಕು ತಡೆಯುವ ಲೇಪ. ಸಣ್ಣ ಗಾಡಿಗೆ 3,800, ದೊಡ್ಡದಕ್ಕೆ 5,500 ತೆಗೆದುಕೊಂಡೆ. ಒಬ್ಬ ಗಿರಾಕಿಗೆ ಬಿದ್ದ ಖರ್ಚು ಸುಮಾರು 180 ರೂಪಾಯಿ. ಪಾಂಪ್ಲೆಟ್‌ನಲ್ಲಿ ಒಬ್ಬನಿಗೆ 2,000 ಬಿದ್ದಿತ್ತು. ನನಗೆ ಬೈದವರು ಈ ಲೆಕ್ಕ ಒಮ್ಮೆ ನೋಡಲಿ.

ಹಾಗೆಂದು ಎಲ್ಲ ಸಲೀಸಾಗಿ ನಡೆಯಲಿಲ್ಲ. ಗಿರಾಕಿ ಬಂದ ಖುಷಿಯಲ್ಲಿ ಮೊದಲ ಸೆಪ್ಟೆಂಬರಿನಲ್ಲೇ ರಬ್ಬರ್ ಕೋಟಿಂಗ್ ಹೊಡೆದೆ. ಗಾಡಿ ಮೇಲೆ ಒಣಗಿತ್ತು, ಸಂದಿಯಲ್ಲಿ ಹಸಿ ಇತ್ತು. ನಾಲ್ಕು ತಿಂಗಳಿಗೆ ಮೂರು ಗಾಡಿ ವಾಪಸ್. ಬೆರಳಿಟ್ಟು ಎಳೆದರೆ ಹಲಸಿನ ಹಪ್ಪಳದ ಹಾಗೆ ಹಾಳೆ ಹಾಳೆಯಾಗಿ ಬಂತು, ಒಳಗೆ ತುಕ್ಕು ಮೊದಲಿಗಿಂತ ಜಾಸ್ತಿ. ತುಕ್ಕಿನ ಮೇಲೆ ರಬ್ಬರ್ ಹೊಡೆದರೆ ನೀರನ್ನು ಒಳಗೇ ಕೂಡಿ ಹಾಕಿದ ಹಾಗೆ, ಅಲ್ವಾ? ಗೊತ್ತಿದ್ದೂ ಅವಸರ ಮಾಡಿದೆ. ಮೂರನ್ನೂ ಕೆರೆದು ಪುಕ್ಕಟೆ ಮಾಡಿಕೊಟ್ಟೆ. ಕೈಯಿಂದ ಹದಿನಾಲ್ಕು ಸಾವಿರ ಹೋಯಿತು. ಈಗ ತುಕ್ಕು ಇದ್ದಲ್ಲಿ ಮತ್ತು ಟೊಳ್ಳು ಜಾಗದಲ್ಲಿ ಮೇಣದ ಜಾತಿಯದ್ದು, ಗಟ್ಟಿ ಚೊಕ್ಕ ತಗಡಿಗೆ ಮಾತ್ರ ರಬ್ಬರ್. ಜೂನ್‌ನಿಂದ ಸೆಪ್ಟೆಂಬರ್ ತನಕ ಕೋಟಿಂಗ್ ತೆಗೆದುಕೊಳ್ಳುವುದೇ ಇಲ್ಲ. ಗಿರಾಕಿ ಒತ್ತಾಯ ಮಾಡಿದರೂ ತೊಳೆದು, ತೂತು ಬಿಡಿಸಿ, ಅಕ್ಟೋಬರಿಗೆ ಬನ್ನಿ ಎನ್ನುತ್ತೇನೆ. ಹಾಗೆ ವಾಪಸ್ ಕಳಿಸಿದವರು ಹೆಚ್ಚುಕಡಿಮೆ ಎಲ್ಲರೂ ತಿರುಗಿ ಬಂದಿದ್ದಾರೆ.

ನೀರಿನ ವಿಷಯವೂ ಹೇಳಿಬಿಡುತ್ತೇನೆ. ಏಪ್ರಿಲ್ ಬಂತೆಂದರೆ ನನ್ನ ಶೆಡ್ಡಿನ ಬಾವಿ ನೀರು ಉಪ್ಪಾಗುತ್ತದೆ. ಉಪ್ಪು ತೆಗೆಯುತ್ತೇನೆ ಎಂದು ಉಪ್ಪುನೀರಲ್ಲೇ ತೊಳೆದರೆ ಏನು ಬಂತು? ಎರಡು ತಿಂಗಳು ಟ್ಯಾಂಕರ್ ತರಿಸುತ್ತೇನೆ. ದುಬಾರಿ, ಆದರೆ ಬೇರೆ ದಾರಿ ಇಲ್ಲ.

ಫೋಟೋದಿಂದ ನಾನು ಎಣಿಸದ ಇನ್ನೊಂದು ಕೆಲಸ ಹುಟ್ಟಿತು. ಸ್ಟೆಪ್ನಿ ಗುಂಡಿ ತೆರೆಸಿದಾಗೆಲ್ಲ ಮೀನಿನ ನೀರು. ಬೈತಖೋಲ ಬಂದರಿನಿಂದ ಬಾಂಗಡೆ, ತಾರ್ಲೆ ಡಿಕ್ಕಿಯಲ್ಲಿ ಹಾಕಿಕೊಂಡು ಬರುವವರು ಎಷ್ಟು ಜನ! ಚೀಲ ತೂತಾಗಿರುತ್ತದೆ, ನೀರು ಕಾರ್ಪೆಟ್ ದಾಟಿ ಸ್ಟೆಪ್ನಿ ಕೆಳಗೆ ನಿಂತಿರುತ್ತದೆ. ಮೇಲಿಂದ ಸೆಂಟ್ ಹೊಡೆದರೆ ವಾಸನೆ ಇನ್ನೂ ಕೆಡುತ್ತದೆ. ನಮ್ಮ ಅತ್ತೆ ಮೀನು ಹೆಚ್ಚಿದ ಕೈಗೆ ಹುಣಸೆ ತಿಕ್ಕುವುದು ನೋಡಿ, ಹುಳಿ ಹಾಕಿದರೆ ಹೋಗಬಹುದು ಎನಿಸಿತು. ಮನೆಯಲ್ಲಿ ಮುರುಗಲು, ಅಂದರೆ ಕೋಕಂ ಹುಳಿ ಇತ್ತು, ಅದರ ನೀರು ಹಾಕಿ ನೋಡಿದೆ. ವಾಸನೆ ಇಳಿಯಿತು. ಆದರೆ ಬೂದು ಕಾರ್ಪೆಟ್ ಮೇಲೆ ನೇರಳೆ ಕಲೆ ಕೂತುಬಿಟ್ಟಿತು. ಹೊಸ ಕಾರ್ಪೆಟ್ 2,200 ಕೊಟ್ಟು ಹಾಕಿಸಿದೆ. ಬಣ್ಣ ಇಲ್ಲದ ಹುಳಿಗೆ ಬಂದೆ, ಅದರ ಮೇಲೆ ಎನ್‌ಜೈಮ್ ಕ್ಲೀನರ್. ಯಾವುದು ಎಷ್ಟು, ಎಷ್ಟು ಹೊತ್ತು ಎನ್ನುವುದನ್ನು ಹೇಳಿದರೆ ನನ್ನ ಅನ್ನಕ್ಕೆ ಕುತ್ತು. ಈಗ ಮೀನಿನ ವಾಸನೆಗೆ 900 ತೆಗೆದುಕೊಳ್ಳುತ್ತೇನೆ. ಜೂನ್, ಜುಲೈ ಮೀನುಗಾರಿಕೆ ಬಂದ್ ಇರುವಾಗ ಬೋಟ್ ಮಾಲೀಕರು ಬಿಡುವಾಗಿರುತ್ತಾರೆ. ವರ್ಷದ ಗಲೀಜು ತೆಗೆಸಲು ಆಗಲೇ ಬರುತ್ತಾರೆ. ಮಳೆಗಾಲದಲ್ಲಿ ಶೆಡ್ ಬಾಡಿಗೆ ಹುಟ್ಟುವುದು ಇವರಿಂದಲೇ.

ಕೈಗಾ ಕಡೆಯ ಗಾಡಿಗಳ ಕಥೆ ಬೇರೆ. ಅಲ್ಲಿ ಉಪ್ಪುಗಾಳಿ ಕಡಿಮೆ, ಕಾಡು ಜಾಸ್ತಿ. ವೈಪರ್ ಕೆಳಗೆ ತರಗೆಲೆ ತುಂಬಿ ನೀರು ಹೋಗುವ ದಾರಿ ಕಟ್ಟುತ್ತದೆ, ನೀರು ಕಾಲಡಿಯ ಮ್ಯಾಟಿಗೆ ಇಳಿಯುತ್ತದೆ, ಆಮೇಲೆ ಬೂಸ್ಟು. ನೌಕಾನೆಲೆಯವರದ್ದೂ ಬೂಸ್ಟೇ, ಕಾರಣ ಬೇರೆ. ಅವರು ವಾರಗಟ್ಟಲೆ ಹಡಗಿನ ಮೇಲೆ ಹೋಗಿರುತ್ತಾರೆ, ಗಾಡಿ ಮುಚ್ಚಿಯೇ ನಿಂತಿರುತ್ತದೆ. ಬಂದು ಬಾಗಿಲು ತೆಗೆದರೆ ಸ್ಟೇರಿಂಗ್ ಮೇಲೆ ಹಸಿರು, ಸೀಟ್ ಬೆಲ್ಟ್ ಮೇಲೆ ಬಿಳಿ.

ಬೂಸ್ಟಿನ ಆಸೆಗೆ ಶಿರಸಿಗೂ ಹೋಗಿದ್ದೆ. ಸಾಮಾನು ವ್ಯಾನಿಗೆ ಹಾಕಿಕೊಂಡು ದೇವಿಮನೆ ಘಟ್ಟ ಹತ್ತಿ ಎರಡು ದಿನ ಅಲ್ಲೇ ಉಳಿದು ಏಳೆಂಟು ಗಾಡಿ ಮಾಡಿದೆ. ಅಡಿಕೆ ಬೇಯಿಸಿದ ಚೊಗರು ಸೀಟಿಗೆ ಬಿದ್ದದ್ದು ಎರಡು ಗಾಡಿಯಲ್ಲಿ ಸಿಕ್ಕಿತು. ಒಂದರಲ್ಲಿ ಮುಕ್ಕಾಲು ಹೋಯಿತು, ಇನ್ನೊಂದರಲ್ಲಿ ಒಂದಿಷ್ಟೂ ಹೋಗಲಿಲ್ಲ. ಅದಕ್ಕೆ ದುಡ್ಡು ಕೇಳಲಿಲ್ಲ. ಡೀಸೆಲ್, ಊಟ, ಹುಡುಗನ ಕೂಲಿ ಕಳೆದರೆ ಉಳಿದದ್ದು 1,500. ಜನ ಮಾತ್ರ ಬಹಳ ಒಳ್ಳೆಯವರು, ಎಲ್ಲರ ಮನೆಯಲ್ಲೂ ಆಸರಿಗೆ, ಅಂದರೆ ಕುಡಿಯಲು ಏನಾದರೊಂದು, ಆಯಿತು. ಚೊಗರಿಗೆ ಮದ್ದು ಸಿಕ್ಕ ದಿನ ಮತ್ತೆ ಹೋಗುತ್ತೇನೆ.

ಫೋಟೋದ ನಿಜವಾದ ಬೆಲೆ ಗೊತ್ತಾದದ್ದು ಎರಡನೇ ವರ್ಷ. ನೌಕಾನೆಲೆಯವರಿಗೆ, ಕೈಗಾದವರಿಗೆ ವರ್ಗಾವಣೆ ಬಂದರೆ ಗಾಡಿ ಮಾರಿ ಹೋಗುವವರು ಜಾಸ್ತಿ. ಒಬ್ಬರು ಮಾರುವಾಗ ನಾನು ಕಳಿಸಿದ ಹಳೇ ಫೋಟೋ, ಕೋಟಿಂಗ್ ಆದ ಮೇಲಿನದ್ದು, ಮುಂದಿನ ವರ್ಷದ್ದು ಮೂರನ್ನೂ ಕೊಳ್ಳುವವರಿಗೆ ತೋರಿಸಿದರಂತೆ. ಎದುರಿನವರು ಹೆಚ್ಚು ಚೌಕಾಸಿ ಮಾಡಲಿಲ್ಲವಂತೆ. ಈ ಸುದ್ದಿ ಹಳೇ ಗಾಡಿ ದಲ್ಲಾಳಿಗಳಿಗೆ ಮುಟ್ಟಿತು. ಈಗ ಇಬ್ಬರು ದಲ್ಲಾಳಿಗಳು ಗಾಡಿ ತೆಗೆದುಕೊಳ್ಳುವ ಮೊದಲೇ ಇಲ್ಲಿಗೆ ಕಳಿಸುತ್ತಾರೆ. ಅವರಿಂದ ಫೋಟೋಗೆ 300 ತೆಗೆದುಕೊಳ್ಳುತ್ತೇನೆ. ತುಕ್ಕು ಇದ್ದದ್ದನ್ನು ಇಲ್ಲ ಅನ್ನುವ ಹಾಗೆ ತೆಗೆದುಕೊಡು ಎಂದು ಒಬ್ಬರು ಕೇಳಿದರು. ಅವರ ಗಾಡಿ ಆಮೇಲೆ ಮುಟ್ಟಿಲ್ಲ.

ಹೋದ ತಿಂಗಳು ಮಾಜಾಳಿಯಿಂದ ಒಬ್ಬರು ಬಿಳಿ ಕಾರು ತಂದರು. ಹೊಸದಾಗಿ ಕೊಂಡದ್ದಂತೆ. ಮೊಬೈಲ್ ತೆಗೆದು ಒಂದು ಫೋಟೋ ತೋರಿಸಿ, "ಇದೇ ಜಾಗ ಈಗ ಹೇಗಿದೆ ನೋಡಿ ಹೇಳಿ" ಎಂದರು. ಸ್ಲೇಟಿಲ್ಲದ ಫೋಟೋ, ಅಲುಗಿದ ಫೋಟೋ. ದೋಸ್ತನ ಅಂಗಡಿಯಲ್ಲಿ ಚಾ ಕುಡಿಯುತ್ತಾ ಕೂತಿದ್ದ ಆ ದಿನದ್ದು, ಆಮದಳ್ಳಿಯ ಹಿರಿಯರ ಗಾಡಿಯದ್ದು. ಗಾಡಿಯನ್ನು ದೋಸ್ತನ ಲಿಫ್ಟ್ ಮೇಲೆ ಏರಿಸಿದೆವು. ಬೋಲ್ಟುಗಳ ಮೇಲೆ ಮೇಣ ಹಾಗೇ ಕೂತಿತ್ತು, ಬಾಗಿಲಿನ ತೂತು ತೆರೆದೇ ಇತ್ತು. ಎಡಗಡೆ ಹಿಂದಿನ ಚಕ್ರದ ಹತ್ತಿರ ಹೊಸದಾಗಿ ಕಲ್ಲು ಬಡಿದ ಗುರುತು ಎರಡು. ಹುಡುಗ ಸ್ಲೇಟಿನ ಮೇಲೆ ನಾಲ್ಕು ಅಂಕಿ ಬರೆದು, ಪಕ್ಕದಿಂದ ಟಾರ್ಚ್ ಹಿಡಿದು ಫೋಟೋ ತೆಗೆದ. ಅವನ ಲೆಕ್ಕಕ್ಕೆ 50 ಬರೆದುಕೊಂಡೆ.