ಕಾಸಿಲ್ಲದ ತಂತ್ರಾಂಶದಲ್ಲಿ ಫ್ಲೆಕ್ಸ್, ಫೋಟೊ, ಕರಪತ್ರ: ನನ್ನ ಅನುಭವ

ತುಮಕೂರಿನ ಸಣ್ಣ ಡಿಟಿಪಿ ಅಂಗಡಿಗೆ ಬರುವ ಕೆಲಸ ಹೆಚ್ಚೂಕಡಿಮೆ ಇಷ್ಟೇ: ಜಾತ್ರೆಯ ಫ್ಲೆಕ್ಸ್, ಗೃಹಪ್ರವೇಶದ ಕಾರ್ಡು, ಕೊಬ್ಬರಿ ಮಂಡಿಯ ಬಿಲ್‌ಬುಕ್, ಪಾಸ್‌ಪೋರ್ಟ್ ಅಳತೆಯ ಫೋಟೊ. ಇದನ್ನೆಲ್ಲ ನಾನು ಗಿಂಪ್, ಇಂಕ್‌ಸ್ಕೇಪ್, ಸ್ಕ್ರೈಬಸ್ ಮೂರರಲ್ಲೇ ಮುಗಿಸುತ್ತೇನೆ. ಮೂರೂ ಉಚಿತ, ವಿಂಡೋಸ್, ಲಿನಕ್ಸ್ ಎರಡರಲ್ಲೂ ನಡೆಯುತ್ತವೆ. ಗಿಂಪ್ ಸರಿಯಿಲ್ಲ ಎಂದು ದೂರುವವರಲ್ಲಿ ಬಹಳಷ್ಟು ಜನ ಎಲ್ಲ ಕೆಲಸವನ್ನೂ ಅದೊಂದರ ತಲೆಗೇ ಕಟ್ಟಿದವರು. ಫೋಟೊ ಇದ್ದರೆ ಗಿಂಪ್, ಅಕ್ಷರ ಇದ್ದರೆ ಇಂಕ್‌ಸ್ಕೇಪ್, ಆಫ್‌ಸೆಟ್ ಪ್ರೆಸ್‌ಗೆ ಹೋಗುವ ಪುಟವಾದರೆ ಸ್ಕ್ರೈಬಸ್ ಎಂದು ಹಂಚಿಕೊಂಡರೆ ಜಗಳವೇ ಇಲ್ಲ.

ಮೊದಲು ಕನ್ನಡದ ವಿಷಯ. ಗಿರಾಕಿಗಳು ತರುವ ಹಳೆಯ ಮ್ಯಾಟರ್ ಸಾಮಾನ್ಯವಾಗಿ ನುಡಿ ಅಥವಾ ಬರಹ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಇರುತ್ತದೆ. ಅದು ಯೂನಿಕೋಡ್, ಅಂದರೆ ಎಲ್ಲ ಯಂತ್ರಗಳಿಗೂ ಅರ್ಥವಾಗುವ ಅಕ್ಷರ ಸಂಕೇತ ಅಲ್ಲ. ಇಂಕ್‌ಸ್ಕೇಪ್‌ಗೆ ಅಂಟಿಸಿದರೆ ತಲೆಯ ಮೇಲೆ ಚುಕ್ಕಿ, ಗೆರೆ ಹೊತ್ತ ರೋಮನ್ ಅಕ್ಷರಗಳ ರಾಶಿ ಕಾಣುತ್ತದೆ. ಪರಿವರ್ತಕಕ್ಕೆ ಹಾಕಿ ಯೂನಿಕೋಡ್ ಮಾಡಿಕೊಂಡ ಮೇಲೆ ಎರಡು ಜಾಗ ಕಣ್ಣಿಟ್ಟು ನೋಡುತ್ತೇನೆ. ಒಂದು, ಅರ್ಕಾವೊತ್ತು. ಹಳೆಯ ಫಾಂಟುಗಳಲ್ಲಿ ಅದು ಅಕ್ಷರದ ನಂತರ ದಾಖಲಾಗಿರುತ್ತದೆ, ಯೂನಿಕೋಡ್‌ನಲ್ಲಿ ಮೊದಲು ಬರಬೇಕು. ಕಾರ್ತಿಕ, ಅರ್ಪಣೆ, ವಾರ್ಷಿಕೋತ್ಸವ ಇಂಥ ಪದಗಳೇ ಕೆಡುವುದು. ಇನ್ನೊಂದು, ಅನುಸ್ವಾರದ ಜಾಗದಲ್ಲಿ ಕನ್ನಡದ ಸೊನ್ನೆ ಕೂತಿರುವುದು. ಪರದೆಯ ಮೇಲೆ ವ್ಯತ್ಯಾಸ ಹೆಚ್ಚು ತಿಳಿಯದು, ಫಾಂಟ್ ಬದಲಿಸಿದಾಗ ಗಾತ್ರ ಬೇರೆಯಾಗಿ ಎದ್ದು ಕಾಣುತ್ತದೆ. ಹುಡುಕಿ ಬದಲಿಸುವ ಸೌಲಭ್ಯದಲ್ಲಿ ಒಂದೇ ಸಲ ಸರಿಮಾಡಬಹುದು. ದಿನಾಂಕ, ದರದೊಳಗಿನ ನಿಜವಾದ ಸೊನ್ನೆಗಳನ್ನು ಮಾತ್ರ ಬಿಟ್ಟುಬಿಡಿ.

ಫಾಂಟ್‌ಗೆ ಬರವಿಲ್ಲ. ಓದುವ ಮ್ಯಾಟರ್‌ಗೆ ನೋಟೋ ಸೆರಿಫ್ ಕನ್ನಡ, ಬ್ಯಾನರ್ ತಲೆಬರಹಕ್ಕೆ ಬಾಲೂ ತಮ್ಮ, ಇಕ್ಕಟ್ಟಾದ ಜಾಗಕ್ಕೆ ಅಗಲ ಕುಗ್ಗಿಸಬಹುದಾದ ಅನೇಕ್ ಕನ್ನಡ. ಎಲ್ಲವೂ ಮುಕ್ತ ಪರವಾನಗಿಯವು. ಗಿಂಪ್‌ನಲ್ಲಿ ಅಕ್ಷರ ಹಾಕಲೇಬೇಕಾದರೆ ಟೆಕ್ಸ್ಟ್ ಟೂಲಿನ ಆಯ್ಕೆಗಳಲ್ಲಿ ಯೂಸ್ ಎಡಿಟರ್ ಗುರುತು ಹಾಕಿ, ಬೇರೆ ಪೆಟ್ಟಿಗೆಯಲ್ಲಿ ಟೈಪ್ ಮಾಡಿ.

ಫ್ಲೆಕ್ಸ್‌ಗೆ ಬರೋಣ. 10 ಅಡಿ ಅಗಲ, 6 ಅಡಿ ಎತ್ತರದ್ದನ್ನು 72 ಡಿಪಿಐನಲ್ಲಿ (ಇಂಚಿಗೆ 72 ಚುಕ್ಕಿ) ಗಿಂಪ್‌ನಲ್ಲೇ ತೆರೆದರೆ 8640 × 5184 ಪಿಕ್ಸೆಲ್. ಒಂದು ಪದರಕ್ಕೇ (ಲೇಯರ್) ಸುಮಾರು 170 ಎಂಬಿ ನೆನಪು ಬೇಕು. ನಾಲ್ಕೈದು ಪದರವಾಗುವಷ್ಟರಲ್ಲಿ 4 ಜಿಬಿ ರ‍್ಯಾಮ್‌ನ ಯಂತ್ರ ತೆವಳುತ್ತದೆ. ಹಾಗಾಗಿ ನಾನು ಇಂಕ್‌ಸ್ಕೇಪ್‌ನಲ್ಲಿ ಹತ್ತನೇ ಒಂದರ ಅಳತೆಯಲ್ಲಿ, ಅಂದರೆ 12 × 7.2 ಇಂಚಿನ ಪುಟದಲ್ಲಿ ಮಾಡುತ್ತೇನೆ. ಕಡತದ ಹೆಸರಿನಲ್ಲೇ ಅಳತೆ ಬರೆಯುತ್ತೇನೆ, ಇಲ್ಲವಾದರೆ ಪ್ರೆಸ್‌ನವರು ಕಂಡಷ್ಟೇ ಹೊಡೆದು ಕೊಡುತ್ತಾರೆ. ಅಂಚು ಮಡಚಿ ಗುಂಡಿ ಹೊಡೆಯಲು ನಿಜ ಅಳತೆಯಲ್ಲಿ 2 ಇಂಚು ಬೇಕು. ಪುಟದಲ್ಲಿ ಅದು ಬರೀ 0.2 ಇಂಚು. ಅದರೊಳಗೆ ಅಕ್ಷರ, ಮುಖ ಯಾವುದೂ ಹೋಗಬಾರದು.

ಫೋಟೊಗಳನ್ನು ಮಾತ್ರ ಗಿಂಪ್‌ನಲ್ಲಿ ಸಿದ್ಧಮಾಡಿ ತರುತ್ತೇನೆ. ಬ್ಯಾನರ್‌ನಲ್ಲಿ 2 ಅಡಿ ಎತ್ತರ ಬರುವ ಮುಖಕ್ಕೆ 72 ಡಿಪಿಐ ಲೆಕ್ಕದಲ್ಲಿ 1728 ಪಿಕ್ಸೆಲ್ ಬೇಕು. ವಾಟ್ಸ್‌ಆ್ಯಪ್‌ನಲ್ಲಿ ಫೋಟೊ ಆಗಿ ಬಂದದ್ದು ಕುಗ್ಗಿಯೇ ಬಂದಿರುತ್ತದೆ. ಡಾಕ್ಯುಮೆಂಟ್ ಆಗಿ ಕಳಿಸಲು ಹೇಳಿ. ಇಂಕ್‌ಸ್ಕೇಪ್ ಚಿತ್ರ ತರುವಾಗ ಎಂಬೆಡ್ ಮಾಡಲೋ (ಕಡತದೊಳಗೇ ಸೇರಿಸಲೋ) ಲಿಂಕ್ ಮಾಡಲೋ (ಚಿತ್ರ ಇರುವ ಜಾಗವನ್ನಷ್ಟೇ ಗುರುತಿಡಲೋ) ಎಂದು ಕೇಳುತ್ತದೆ. ಕೆಲಸ ನಡೆಯುವಾಗ ಲಿಂಕ್ ಹಗುರ. ಪೆನ್‌ಡ್ರೈವ್‌ಗೆ ಹಾಕುವ ಮೊದಲು ಎಕ್ಸ್‌ಟೆನ್ಷನ್ಸ್ ಮೆನುವಿನಲ್ಲಿ ಎಂಬೆಡ್ ಇಮೇಜಸ್ ಒತ್ತದಿದ್ದರೆ ಪ್ರೆಸ್‌ನಲ್ಲಿ ಶಾಸಕರ ಮುಖದ ಜಾಗದಲ್ಲಿ ಕೆಂಪು ಗುಣಿಸು ಗುರುತು ಇರುತ್ತದೆ.

ಇನ್ನು ಹೊರಗೆರೆ, ಅಂದರೆ ಅಕ್ಷರದ ಸುತ್ತ ಬಿಳಿ ಅಥವಾ ಹಳದಿ ಅಂಚು. ನಮ್ಮ ಕಡೆ ಬ್ಯಾನರ್ ಎಂದರೆ ಅದಿರಲೇಬೇಕು. ಕನ್ನಡ ಹೆಚ್ಚು ಕೆಡುವುದೂ ಇಲ್ಲೇ. 'ಸಿದ್ಧಗಂಗಾ ಜಾತ್ರಾ ಮಹೋತ್ಸವ' ಎಂದು ಬರೆದು ದಪ್ಪ ಸ್ಟ್ರೋಕ್ (ಅಂಚಿನ ಗೆರೆ) ಕೊಡಿ: ದ್ಧ, ತ್ರಾ, ತ್ಸ ಮೂರರಲ್ಲೂ ಒತ್ತು ಮೇಲಿನ ಅಕ್ಷರಕ್ಕೆ ತಾಗುವ ಕಡೆ ಅಡ್ಡಗೆರೆ ಮೂಡುತ್ತದೆ, ಒಳಗಿನ ಸಣ್ಣ ಸುಳಿಗಳು ಮುಚ್ಚಿಹೋಗುತ್ತವೆ. ಫಾಂಟ್‌ನಲ್ಲಿ ಒತ್ತು ಬೇರೆಯೇ ಆಕೃತಿ, ಅದಕ್ಕೂ ಅದರದೇ ಗೆರೆ ಬೀಳುತ್ತದೆ. ಜೊತೆಗೆ ಸ್ಟ್ರೋಕ್ ಅರ್ಧ ಹೊರಗೆ, ಅರ್ಧ ಒಳಗೆ ಹರಡುತ್ತದೆ. ಪರಿಹಾರ ಹೀಗೆ. ಕಂಟ್ರೋಲ್ ಡಿ ಒತ್ತಿ ಪಠ್ಯದ ಪ್ರತಿಯೊಂದನ್ನು ಬದಿಗಿಡಿ, ಮುಂದೆ ತಿದ್ದಲು ಬೇಕಾಗುತ್ತದೆ. ಮೂಲಕ್ಕೆ ಪಾತ್ ಮೆನುವಿನ ಆಬ್ಜೆಕ್ಟ್ ಟು ಪಾತ್ (ಅಕ್ಷರವನ್ನು ಬರೀ ಆಕೃತಿಯಾಗಿಸುವುದು), ಆಮೇಲೆ ಅನ್‌ಗ್ರೂಪ್, ಆಮೇಲೆ ಯೂನಿಯನ್. ಈಗ ಒತ್ತು, ಅಕ್ಷರ ಒಂದೇ ಆಕೃತಿ. ಫಿಲ್ ಆ್ಯಂಡ್ ಸ್ಟ್ರೋಕ್ ಪೆಟ್ಟಿಗೆಯ ಸ್ಟ್ರೋಕ್ ಸ್ಟೈಲ್‌ನಲ್ಲಿ ಜಾಯಿನ್ (ಗೆರೆ ತಿರುಗುವ ಮೂಲೆ) ದುಂಡಗಿರಲಿ, ಚೂಪಿದ್ದರೆ ತಲೆಕಟ್ಟಿನ ತುದಿಯಲ್ಲಿ ಮುಳ್ಳು ಏಳುತ್ತದೆ. ಅಲ್ಲೇ ಕೆಳಗೆ ಆರ್ಡರ್ ಎಂಬಲ್ಲಿ ಸ್ಟ್ರೋಕ್ ಹಿಂದೆ, ಫಿಲ್ (ಒಳಗಿನ ಬಣ್ಣ) ಮುಂದೆ ಬರುವ ಚಿತ್ರವನ್ನು ಆರಿಸಿ. ಒಳಮುಖದ ಅರ್ಧ ಗೆರೆ ಬಣ್ಣದಡಿ ಅಡಗುತ್ತದೆ. ಹಾಗಾಗಿ ಕಾಣಬೇಕಾದ ದಪ್ಪದ ಎರಡರಷ್ಟು ಕೊಡಬೇಕು.

ಪಾತ್ ಮಾಡಿದ ಮೇಲೆ ಫಾಂಟ್ ಇಲ್ಲದ ಯಂತ್ರದಲ್ಲೂ ಅಕ್ಷರ ಅಲುಗಾಡುವುದಿಲ್ಲ. ಪಿಡಿಎಫ್ ಉಳಿಸುವಾಗ ನೆರಳು, ಮಸುಕಿನಂಥ ಫಿಲ್ಟರ್‌ಗಳ ರೆಸಲ್ಯೂಷನ್ ಕೇಳುತ್ತದೆ. ಅಲ್ಲಿ ತಾನಾಗಿ ಇರುವ 96 ಸಾಲದು. ಹತ್ತನೇ ಒಂದರ ಪುಟವಾದ್ದರಿಂದ ನಾನು 600 ಹಾಕುತ್ತೇನೆ, ಹಿಗ್ಗಿಸಿದ ಮೇಲೆ 60 ಉಳಿಯುತ್ತದೆ, ನೆರಳಿಗೆ ಅಷ್ಟು ಧಾರಾಳ.

ಪಾಸ್‌ಪೋರ್ಟ್ ಫೋಟೊಗೆ ಯಾವ ಪ್ಲಗಿನ್ನೂ ಬೇಡ. ಗಿಂಪ್‌ನ ಕ್ರಾಪ್ ಟೂಲಿನಲ್ಲಿ ಅನುಪಾತ 35:45ಕ್ಕೆ ಕಟ್ಟಿ, ಕತ್ತರಿಸಿ, 413 × 531 ಪಿಕ್ಸೆಲ್, 300 ಡಿಪಿಐಗೆ ಇಳಿಸಿ. ಎಲ್ಲವನ್ನೂ ಸೆಲೆಕ್ಟ್ ಮಾಡಿ 2 ಪಿಕ್ಸೆಲ್‌ನ ಬೂದು ಸ್ಟ್ರೋಕ್ ಕೊಡಿ. ಬಿಳಿ ಹಿನ್ನೆಲೆ ಬಿಳಿ ಕಾಗದದಲ್ಲಿ ಕರಗಿದರೆ ಕತ್ತರಿ ಎಲ್ಲಿ ಇಡುವುದು? ನಂತರ ಕ್ಯಾನ್ವಾಸ್ ಸೈಜ್ 450 × 600 ಮಾಡಿ, ಚಿತ್ರ ನಡುವೆ ಇರಿಸಿ, ಹಿನ್ನೆಲೆ ಬಣ್ಣ ಬಿಳಿಯಿಟ್ಟು ಫ್ಲಾಟನ್ ಮಾಡಿ (ಪದರಗಳನ್ನು ಒಂದಾಗಿಸಿ). ಫಿಲ್ಟರ್ಸ್, ಮ್ಯಾಪ್, ಟೈಲ್ ತೆರೆದು ಸರಪಳಿ ಗುರುತು ಬಿಡಿಸಿ 1800 × 1200 ಕೊಟ್ಟರೆ 4 × 6 ಹಾಳೆಯಲ್ಲಿ ಎಂಟು ಫೋಟೊ ತಾವಾಗಿ ಕೂರುತ್ತವೆ. ಪ್ರಿಂಟರ್‌ನಲ್ಲಿ ಬಾರ್ಡರ್‌ಲೆಸ್ ಆಯ್ಕೆಯಿದ್ದರೆ ಹಾಳೆ ತುಂಬಿಸಲು ಅದು ಚಿತ್ರವನ್ನು ಸ್ವಲ್ಪ ಹಿಗ್ಗಿಸುತ್ತದೆ, 35 ಮಿ.ಮೀ. 36 ದಾಟುತ್ತದೆ. ಹಿಗ್ಗಿಸುವ ಪ್ರಮಾಣವನ್ನು ಕನಿಷ್ಠಕ್ಕೆ ತಂದು, ಮೊದಲ ಹಾಳೆಯನ್ನು ಸ್ಕೇಲ್ ಇಟ್ಟು ಅಳೆಯಿರಿ.

ಕರಪತ್ರ, ಕಾರ್ಡು ಆಫ್‌ಸೆಟ್‌ಗೆ ಹೋಗುವಾಗ ಇಂಕ್‌ಸ್ಕೇಪ್‌ನ ಪಿಡಿಎಫ್ ಸಾಲದು, ಅದರ ಬಣ್ಣ ಆರ್‌ಜಿಬಿ, ಅಂದರೆ ಪರದೆಯ ಕೆಂಪು, ಹಸಿರು, ನೀಲಿ ಬೆಳಕಿನ ಲೆಕ್ಕ. ಪ್ರೆಸ್‌ನಲ್ಲಿ ಕಪ್ಪು ಅಕ್ಷರ ನಾಲ್ಕೂ ಶಾಯಿಗೆ ಒಡೆದು, ಪ್ಲೇಟು ಕೂದಲೆಳೆ ಜರುಗಿದರೂ ಒತ್ತಕ್ಷರದ ಸುತ್ತ ಗುಲಾಬಿ, ನೀಲಿ ಅಂಚು ಬರುತ್ತದೆ. ಆದ್ದರಿಂದ ಇಂಕ್‌ಸ್ಕೇಪ್ ಉಳಿಸುವ ಎಸ್‌ವಿಜಿ ಕಡತವನ್ನು ಸ್ಕ್ರೈಬಸ್‌ಗೆ ಇಂಪೋರ್ಟ್ ಮಾಡುತ್ತೇನೆ. ಬಣ್ಣಗಳ ಪಟ್ಟಿಯಲ್ಲಿ 'ಫ್ರಮ್ ಎಸ್‌ವಿಜಿ' ಎಂದು ಶುರುವಾಗುವ ಹೆಸರುಗಳು ಸಿಗುತ್ತವೆ; ಕಪ್ಪನ್ನು ಸಿಎಂವೈಕೆಗೆ (ಪ್ರೆಸ್‌ನ ನಾಲ್ಕು ಶಾಯಿಗಳ ಲೆಕ್ಕ, ಕೆ ಎಂದರೆ ಕಪ್ಪು) ಬದಲಿಸಿ ಕೆ 100, ಉಳಿದ ಮೂರು 0 ಮಾಡಿದರೆ ಪುಟದ ಅಷ್ಟೂ ಕಪ್ಪು ಒಟ್ಟಿಗೆ ಬದಲಾಗುತ್ತದೆ. ಮಸುಕು ನೆರಳು ಈ ದಾರಿಯಲ್ಲಿ ಉದುರಿಹೋಗುತ್ತದೆ, ಅದನ್ನು ಚಿತ್ರವಾಗಿ ಬೇರೆ ತರಬೇಕು. ಉದ್ದದ ಮ್ಯಾಟರ್ ಇದ್ದರೆ ಸ್ಕ್ರೈಬಸ್‌ನಲ್ಲೇ ಟೈಪ್ ಮಾಡಿ, ಆದರೆ ಆವೃತ್ತಿ 1.6 ಅಥವಾ ಅದಕ್ಕಿಂತ ಹೊಸತಿರಲಿ, 1.4ರಲ್ಲಿ ಕನ್ನಡದ ಒತ್ತುಗಳು ಕೂಡುವುದಿಲ್ಲ. ಬ್ಲೀಡ್ (ಕತ್ತರಿಸುವಾಗ ಹೋಗುವ ಹೆಚ್ಚುವರಿ ಅಂಚು) ಸುತ್ತ 3 ಮಿ.ಮೀ., ಔಟ್‌ಪುಟ್ ಪ್ರಿಂಟರ್‌ಗೆ. ಪಿಡಿಎಫ್ ಎಕ್ಸ್-3 (ಮುದ್ರಣಕ್ಕೆಂದೇ ಇರುವ ಪಿಡಿಎಫ್ ಬಗೆ) ಆಯ್ಕೆ ಕಾಣಿಸದಿದ್ದರೆ ಕಲರ್ ಮ್ಯಾನೇಜ್‌ಮೆಂಟ್ ಆಫ್ ಆಗಿದೆ ಎಂದರ್ಥ. ಡಾಕ್ಯುಮೆಂಟ್ ಸೆಟಪ್‌ನಲ್ಲಿ ಅದನ್ನು ಆನ್ ಮಾಡಿ ಮತ್ತೆ ಎಕ್ಸ್‌ಪೋರ್ಟ್ ಮಾಡಿ.