ಆಳೆತ್ತರದ ಗಿಡಗಳ ಜೊತೆ ಎಂಟು ವರ್ಷ

ನಮ್ಮ ನಡುಮನೆಯಲ್ಲಿ ಸೋಫಾದ ಹಿಂದಿನ ಮೂಲೆ ಬಹಳ ದಿನ ಖಾಲಿ ಇತ್ತು. ಅಲ್ಲೊಂದು ಆಳೆತ್ತರದ ಗಿಡ ನಿಂತರೆ ಚೆನ್ನ ಎನಿಸಿ ನರ್ಸರಿಯಿಂದ ಐದಡಿಯ ಫಿಡಲ್ ಲೀಫ್ ಫಿಗ್ ತಂದೆ. ಪಿಟೀಲಿನಾಕಾರದ ಆ ಅಗಲ ಎಲೆಗಳಿಗೆ ಮರುಳಾಗಿದ್ದೆ. ಆರು ವಾರದೊಳಗೆ ಕೆಳಗಿನ ಎಲೆಗಳು ಒಂದೊಂದಾಗಿ ಉದುರಿದವು. ಉದುರಿದಾಗಲೆಲ್ಲ ನೀರು ಸಾಲದೆಂದು ಇನ್ನಷ್ಟು ಸುರಿದೆ. ಕೊನೆಗೆ ಕುಂಡದಿಂದ ಎತ್ತಿ ನೋಡಿದರೆ ಬೇರೆಲ್ಲ ಕಪ್ಪಾಗಿ, ಮೆತ್ತಗಾಗಿ ನಾರುತ್ತಿತ್ತು. ಆ ಗಿಡ ಉಳಿಯಲಿಲ್ಲ.

ಅದನ್ನು ಕೊಂದದ್ದು ನೀರು ಎಂದು ಆಗ ತಿಳಿದಿದ್ದೆ. ಮೂಲ ಕಾರಣ ಕತ್ತಲೆ ಎಂಬುದು ಅರ್ಥವಾಗಲು ಇನ್ನೂ ಎರಡು ಗಿಡಗಳು ಬೇಕಾದವು. ಬೆಳಕು ಕಡಿಮೆಯಾದರೆ ಗಿಡ ನೀರು ಕುಡಿಯುವುದೂ ಕಡಿಮೆ. ಕುಡಿಯದ ನೀರು ಮಣ್ಣಿನಲ್ಲೇ ನಿಂತು ಬೇರಿಗೆ ಗಾಳಿಯಾಡದಂತೆ ಮಾಡುತ್ತದೆ. ಕಿಟಕಿಯ ಪಕ್ಕದಲ್ಲಿ ಸರಿಹೋಗುವಷ್ಟೇ ನೀರು, ಎಂಟಡಿ ಒಳಗಿನ ಮೂಲೆಯಲ್ಲಿ ಬೇರು ಕೊಳೆಸುತ್ತದೆ.

ಮಬ್ಬಿಗೆ ನಮ್ಮ ಕಣ್ಣು ಬೇಗ ಹೊಂದಿಕೊಳ್ಳುವುದರಿಂದ ಕಣ್ಣಳತೆಯನ್ನು ನಾನು ನಂಬುವುದಿಲ್ಲ. ಗಿಡ ಇಡುವ ಜಾಗದಲ್ಲಿ ನಡುಹಗಲಿನಲ್ಲಿ ಬಿಳಿ ಹಾಳೆ ಹಾಸಿ, ಅದರ ಮೇಲೆ ಒಂದಡಿ ಎತ್ತರದಲ್ಲಿ ಕೈ ಹಿಡಿಯುತ್ತೇನೆ. ಬೆರಳುಗಳ ನೆರಳು ಸ್ಪಷ್ಟವಾಗಿ ಬಿದ್ದರೆ ಅಲ್ಲಿ ಫಿಡಲ್ ಲೀಫ್, ರಬ್ಬರ್ ಗಿಡ ಎರಡೂ ಬದುಕುತ್ತವೆ. ಕೈಯ ಆಕಾರ ಮಾತ್ರ ಮಸುಕಾಗಿ ಕಂಡರೆ ಡ್ರಸೀನಾ. ನೆರಳೇ ಬೀಳದಿದ್ದರೆ ಅಲ್ಲಿ ಗಿಡ ಬೇಡ, ದೀಪ ಇಡಿ. ನನ್ನ ಮೂಲೆಯಲ್ಲಿ ಮಸುಕು ನೆರಳು ಬಿತ್ತು. ಎಲೆಯ ನಡುವೆ ಹಳದಿ ಪಟ್ಟಿಯಿರುವ, ಕಾರ್ನ್ ಪ್ಲಾಂಟ್ ಎಂದು ಕರೆಯುವ ಡ್ರಸೀನಾ ತಂದೆ.

ಕೊಳ್ಳುವಾಗ ಈಗ ಎತ್ತರಕ್ಕಿಂತ ಬುಡವನ್ನು ನೋಡುತ್ತೇನೆ. ಕಾಂಡ ಹಿಡಿದು ಮೆಲ್ಲಗೆ ಅಲ್ಲಾಡಿಸಿದರೆ ಗಿಡ ಮಣ್ಣಿನಲ್ಲಿ ಗಟ್ಟಿಯಾಗಿ ನಿಂತಿರಬೇಕು. ಎಲೆಯ ಅಡಿಭಾಗದಲ್ಲಿ ಹಿಟ್ಟು ತಿಗಣೆ ಎಂಬ ಹತ್ತಿಯಂಥ ಬಿಳಿ ಕೀಟ ಇರಬಾರದು. ಗಾಳಿ ಶುದ್ಧವಾಗುತ್ತದೆ ಎಂಬ ಮಾತಿಗಾಗಿ ಮಾತ್ರ ಗಿಡ ಕೊಳ್ಳಬೇಡಿ. ಆ ನಂಬಿಕೆಗೆ ಆಧಾರವಾದ 1989ರ ನಾಸಾ ಪ್ರಯೋಗ ನಡೆದದ್ದು ಮುಚ್ಚಿದ ಸಣ್ಣ ಪೆಟ್ಟಿಗೆಗಳಲ್ಲಿ. ಗಾಳಿ ಓಡಾಡುವ ಕೋಣೆಯ ಲೆಕ್ಕವೇ ಬೇರೆ.

ದೊಡ್ಡ ಕುಂಡದ ತೊಂದರೆ ಒಂದಿದೆ. ಮೇಲಿನ ಮಣ್ಣು ಒಣಗಿ ಬಿರಿದಿರುತ್ತದೆ, ತಳದಲ್ಲಿ ಕೆಸರಿರುತ್ತದೆ. ಬೆರಳು ಅಲ್ಲಿಯವರೆಗೆ ಮುಟ್ಟುವುದಿಲ್ಲ. ನಾನು ಬಣ್ಣ ಬಳಿಯದ ತೆಳುವಾದ ಮರದ ಕಡ್ಡಿಯೊಂದನ್ನು ಕುಂಡದ ಅಂಚಿನಲ್ಲಿ ಆಳಕ್ಕೆ ಚುಚ್ಚಿ, ಹತ್ತು ನಿಮಿಷ ಬಿಟ್ಟು ಎಳೆದು ನೋಡುತ್ತೇನೆ. ಕಡ್ಡಿ ಒದ್ದೆಯಾಗಿದ್ದರೆ ನೀರು ಕೊಡುವುದಿಲ್ಲ. ಕೊಡುವ ದಿನ ತಳದ ತೂತಿನಿಂದ ಹರಿಯುವಷ್ಟು ಕೊಟ್ಟು, ತಟ್ಟೆಯಲ್ಲಿ ನಿಂತದ್ದನ್ನು ಚೆಲ್ಲುತ್ತೇನೆ. ಮೊದಲು ಕುಂಡದ ತಳಕ್ಕೆ ಜಲ್ಲಿ ಹಾಕುತ್ತಿದ್ದೆ, ಈಗ ಬಿಟ್ಟಿದ್ದೇನೆ. ಮೇಲಿನ ಮಣ್ಣು ಪೂರ್ತಿ ನೆನೆಯುವವರೆಗೆ ನೀರು ಜಲ್ಲಿಗೆ ಇಳಿಯುವುದಿಲ್ಲ. ಹೀಗಾಗಿ ಕೆಸರು ಬೇರಿಗೆ ಇನ್ನಷ್ಟು ಹತ್ತಿರ ಬರುತ್ತದೆ, ಅಷ್ಟೇ. ಅದರ ಬದಲು ಮಣ್ಣಿಗೇ ಪರ್ಲೈಟ್ ಎಂಬ ಹಗುರವಾದ ಬಿಳಿ ಹರಳು ಬೆರೆಸಿ ಸಡಿಲ ಮಾಡಿದರೆ ನೀರು ಚೆನ್ನಾಗಿ ಇಳಿಯುತ್ತದೆ.

ಕಿಟಕಿಯ ಬಳಿಯ ರಬ್ಬರ್ ಗಿಡ ನಾಲ್ಕನೆಯ ವರ್ಷ ಚಾವಣಿ ಮುಟ್ಟಿತು. ಒಂದೇ ಕೋಲು, ಕವಲೇ ಇಲ್ಲ. ಕತ್ತರಿಸಲು ಕೈ ಬಾರದೆ ತಿಂಗಳುಗಟ್ಟಲೆ ಕಾದೆ. ತುದಿಯ ಕುಡಿ ಇರುವವರೆಗೆ ಅದರಿಂದ ಇಳಿಯುವ ಆಕ್ಸಿನ್ ಎಂಬ ಹಾರ್ಮೋನು ಕೆಳಗಿನ ಮೊಗ್ಗುಗಳನ್ನು ಎಚ್ಚರವಾಗಲು ಬಿಡುವುದಿಲ್ಲ. ಆ ತಡೆ ತೆಗೆಯಬೇಕಿತ್ತು. ಹರಿತವಾದ ಕತ್ತರಿಯನ್ನು ಸ್ಪಿರಿಟ್‌ನಿಂದ ಒರೆಸಿ, ಎದೆಯೆತ್ತರದಲ್ಲಿ ಗೆಣ್ಣಿನ ತುಸು ಮೇಲೆ ಕತ್ತರಿಸಿದೆ. ಬಿಳಿ ಹಾಲು ಸುರಿಯಿತು. ಅದು ಚರ್ಮಕ್ಕೆ ತುರಿಕೆ ತರುತ್ತದೆ, ಕೈಗವಸು ಇರಲಿ. ಮೂರನೆಯ ವಾರ ಗೆಣ್ಣಿನಲ್ಲಿ ಕೆಂಪು ಚಿಗುರು ಕಂಡ ಬೆಳಿಗ್ಗೆ ಮನೆಯವರನ್ನೆಲ್ಲ ಕರೆದು ತೋರಿಸಿದೆ. ಇಂದು ಅದಕ್ಕೆ ಮೂರು ಕವಲು.

ಅದೇ ಹುರುಪಿನಲ್ಲಿ ಅರೆಕಾ ಪಾಮ್‌ನ ತುದಿಗೆ ಮಾತ್ರ ಕತ್ತರಿ ಹಾಕಬೇಡಿ. ತಾಳೆಯ ಜಾತಿಯಲ್ಲಿ ಪ್ರತಿ ಕಾಂಡ ಬೆಳೆಯುವುದು ತುದಿಯ ಒಂದೇ ಸುಳಿಯಿಂದ. ಸುಳಿ ಹೋದರೆ ಆ ಕಾಂಡವೇ ಹೋಯಿತು. ತೀರಾ ಎತ್ತರವಾದ ಕಾಂಡವನ್ನು ಬುಡದಲ್ಲೇ ತೆಗೆದು ಉಳಿದವುಗಳಿಗೆ ಜಾಗ ಬಿಡುತ್ತೇನೆ.

ಉಳಿದದ್ದು ಸಣ್ಣ ಕೆಲಸ. ಎರಡು ವಾರಕ್ಕೊಮ್ಮೆ ಕುಂಡವನ್ನು ಕಾಲು ಸುತ್ತು ತಿರುಗಿಸುತ್ತೇನೆ, ಇಲ್ಲವಾದರೆ ಗಿಡ ಕಿಟಕಿಯತ್ತ ವಾಲುತ್ತದೆ. ಒದ್ದೆ ಬಟ್ಟೆಯಿಂದ ಎಲೆಯ ಧೂಳು ಒರೆಸುತ್ತೇನೆ. ಡ್ರಸೀನಾದ ಎಲೆತುದಿ ಕಂದಾಗಲು ನೀರಿನ ಫ್ಲೋರೈಡ್ ಕೂಡ ಕಾರಣವಾಗಬಹುದು. ಮಳೆನೀರು ಕೊಡಲು ಶುರುಮಾಡಿದ ಮೇಲೆ ಹೊಸ ಎಲೆಗಳು ಹಸಿರಾಗಿಯೇ ಉಳಿದಿವೆ. ಬೆಕ್ಕು ನಾಯಿಗಳಿಗೆ ಡ್ರಸೀನಾ ವಿಷ, ಅವು ಎಲೆ ಅಗಿಯದಂತೆ ನೋಡಿಕೊಳ್ಳಬೇಕು.

ಕಳೆದ ವರ್ಷ ಮತ್ತೊಂದು ಫಿಡಲ್ ಲೀಫ್ ತಂದೆ. ಎರಡಡಿಯದು, ಕಿಟಕಿಗೆ ಒತ್ತಿಕೊಂಡೇ ಇದೆ. ತಂದ ಮೊದಲ ತಿಂಗಳು ಮೂರೆಲೆ ಉದುರಿಸಿತು. ಈ ಸಲ ಕಡ್ಡಿ ಚುಚ್ಚಿ ನೋಡಿದೆ, ಒದ್ದೆ ಇತ್ತು. ನೀರು ಕೊಡದೆ ಕಾದೆ. ಈಗ ನಾಲ್ಕಡಿ ದಾಟಿದೆ.