ಡೈರಿಯಲ್ಲಿ ಬರೆದ ಗುಂಡಿಗಳ ಲೆಕ್ಕ

ಮಗಳ ಎಡಗೈ ಹೆಬ್ಬೆರಳು ನಿದ್ದೆಯಲ್ಲೂ ಅದುರುತ್ತಿತ್ತು. ಮೊದಲು ಗಮನಿಸಿದ್ದು ನಮ್ಮತ್ತೆ. ಆಗ ಅವಳಿಗೆ ಆರು ವರ್ಷ. ಫಿಟ್ಸ್ ಅಂತ ಮಾತ್ರೆ ಶುರುವಾಯಿತು. ಆಕ್ಸ್‌ಕಾರ್ಬಜೆಪಿನ್, ಆಮೇಲೆ ಲೆವೆಟಿರಾಸೆಟಮ್, ಅದರ ಜೊತೆಗೆ ಕ್ಲೋಬಜಾಮ್. ಮಗು ದಿನವಿಡೀ ತೂಕಡಿಸುತ್ತಿತ್ತು, ಹೆಬ್ಬೆರಳು ಮಾತ್ರ ತೂಕಡಿಸಲಿಲ್ಲ. ಯಾರೋ ಕೈಗೆ ಕಬ್ಬಿಣದ ಬೀಗದ ಕೈ ಕೊಡಿ ಅಂದರು. ಅದನ್ನೂ ಮಾಡಿದೆವು, ಸುಳ್ಳು ಯಾಕೆ ಹೇಳಲಿ.

ಎಂಟು ತಿಂಗಳ ಮೇಲೆ ಎರಡನೇ ಎಂಆರ್‌ಐ. ನರರೋಗದ ಡಾಕ್ಟರ್ ಮೇಡಂ ಹಳೆಯದು, ಹೊಸದು ಎರಡನ್ನೂ ಕಂಪ್ಯೂಟರಿನಲ್ಲಿ ಅಕ್ಕಪಕ್ಕ ಇಟ್ಟು ತೋರಿಸಿದರು. ಮಿದುಳಿನ ಬಲಗಡೆ ಮಾತ್ರ ಒಣಗಿದ ನಿಂಬೆಹಣ್ಣಿನ ಹಾಗೆ ಸುಕ್ಕಾಗಿತ್ತು. ರಾಸ್ಮುಸ್ಸೆನ್ ಎನ್ಸೆಫಲೈಟಿಸ್ ಅಂದರು. 1958ರಲ್ಲಿ ಮಾಂಟ್ರಿಯಲ್‌ನ ಸರ್ಜನ್ ಥಿಯೋಡರ್ ರಾಸ್ಮುಸ್ಸೆನ್ ಮತ್ತು ಜೊತೆಯವರು ಮೊದಲು ವಿವರಿಸಿದ ಕಾಯಿಲೆ. ನಮ್ಮನ್ನು ಕಾಯಬೇಕಾದ ಟಿ ಕಣಗಳೆಂಬ ಬಿಳಿ ರಕ್ತಕಣಗಳೇ ಮಿದುಳಿನ ಒಂದು ಬದಿಗೆ ನುಗ್ಗಿ ನರಕೋಶಗಳನ್ನು ಕೊಲ್ಲುತ್ತವಂತೆ. ಅಂಟುರೋಗವಲ್ಲ. ಅಪ್ಪ ಅಮ್ಮನ ತಪ್ಪೂ ಅಲ್ಲ. ಈ ಎರಡನೆಯದನ್ನು ನನ್ನ ಹೆಂಡತಿ ಮೇಡಂ ಬಾಯಲ್ಲಿ ಮೂರು ಸಲ ಹೇಳಿಸಿದಳು.

ಮೊದಲು ಸ್ಟೀರಾಯ್ಡ್, ಆಮೇಲೆ ಐವಿಐಜಿ, ಅಂದರೆ ದಾನಿಗಳ ರಕ್ತದಿಂದ ತೆಗೆದ ರೋಗನಿರೋಧಕ ಪ್ರೋಟೀನಿನ ಡ್ರಿಪ್. ಕೆಜಿಗೆ 2 ಗ್ರಾಂ ಲೆಕ್ಕ. ಮಗಳು 20 ಕೆಜಿ, ಅಂದರೆ 5 ಗ್ರಾಮಿನ ಎಂಟು ಬಾಟಲಿ. ಥರ್ಮೋಕೋಲ್ ಡಬ್ಬಿಯಲ್ಲಿ ತಂದು ಕೊಡುತ್ತಿದ್ದೆ. ಹನಿ ಹನಿಯಾಗಿ ಇಳಿಯುವಾಗ ಅಡವಿಟ್ಟ ಬಳೆಗಳು ನೆನಪಾಗುತ್ತಿದ್ದವು. ಸ್ಟೀರಾಯ್ಡ್ ಹಸಿವೋ, ಕೇಳಬೇಡಿ! ರಾತ್ರಿ ಎರಡು ಗಂಟೆಗೆ ಅನ್ನ ಸಾರು ಬೇಕು. ಅದುರುವುದು ಹದಿನೈದು ದಿನ ಕಡಿಮೆಯಾಗಿ ಮತ್ತೆ ಬಂತು. ಟ್ಯಾಕ್ರೋಲಿಮಸ್ ಅಂತ ಇನ್ನೊಂದು ಔಷಧಿಯ ಮಾತೂ ಬಂತು. ಮೇಡಂ ಮುಚ್ಚಿಡಲಿಲ್ಲ. ಇವೆಲ್ಲ ಮಿದುಳು ಸವೆಯುವುದನ್ನು ನಿಧಾನ ಮಾಡಬಹುದು, ಫಿಟ್ಸ್ ನಿಲ್ಲಿಸುವುದು ಅಪರೂಪ ಅಂದರು.

ನಿಲ್ಲಿಸಬಲ್ಲದ್ದು ಹೆಮಿಸ್ಫೆರೊಟಮಿ ಆಪರೇಷನ್. ಅರ್ಧ ಮಿದುಳು ತೆಗೆಯುತ್ತಾರೆ ಅಂತ ನಾವು ಹೆದರಿದ್ದೆವು. ಹಾಗಲ್ಲ, ಕೆಟ್ಟ ಬದಿಯ ಬಹುಪಾಲನ್ನು ಅಲ್ಲೇ ಬಿಟ್ಟು ಅದರ ಸಂಪರ್ಕ ಕತ್ತರಿಸುತ್ತಾರೆ. ಮನೆಯ ಅರ್ಧ ಭಾಗದ ಕರೆಂಟ್ ತೆಗೆದ ಹಾಗೆ. ಹತ್ತು ಮಕ್ಕಳಲ್ಲಿ ಆರೇಳು ಮಂದಿಗೆ, ಕೆಲವು ಕಡೆ ಇನ್ನೂ ಜಾಸ್ತಿ ಮಂದಿಗೆ ಫಿಟ್ಸ್ ನಿಲ್ಲುತ್ತದೆ. ಬಲ ಮಿದುಳು ನಡೆಸುವುದು ಎಡ ಮೈಯನ್ನು, ಹಾಗಾಗಿ ಬದಲಿಗೆ ಎಡಗೈ ಬೆರಳುಗಳ ನಾಜೂಕು ಕೆಲಸ ಹೋಗುತ್ತದೆ, ಎರಡೂ ಕಣ್ಣಲ್ಲಿ ಎಡಗಡೆಯ ನೋಟ ಹೋಗುತ್ತದೆ. ನಡಿಗೆ ಸಾಮಾನ್ಯವಾಗಿ ವಾಪಸ್ ಬರುತ್ತದೆ. ಮಾತು ಹೆಚ್ಚಿನವರಿಗೆ ಎಡ ಮಿದುಳಿನಲ್ಲಿರುವುದರಿಂದ ಆ ಭಯ ನಮಗೆ ಕಡಿಮೆ ಇತ್ತು.

ಗೊತ್ತಿದ್ದೂ ಗೊತ್ತಿದ್ದೂ ಮಗುವಿನ ಕೈ ಹೋಗಲಿ ಅಂತ ಹೇಗೆ ಸಹಿ ಹಾಕುವುದು? ತಿಂಗಳುಗಟ್ಟಲೆ ಮುಂದೂಡಿದೆ. ಕೊನೆಗೆ ತೀರ್ಮಾನ ಮಾಡಿಸಿದ್ದು ನನ್ನ ಡೈರಿ. ಮೊದಮೊದಲು ದಿನಕ್ಕೆ ಎಷ್ಟು ಫಿಟ್ಸ್ ಅಂತಷ್ಟೇ ಬರೆಯುತ್ತಿದ್ದೆ. "ಆ ಕೈ ಏನೇನು ಮಾಡುತ್ತೆ ಅದನ್ನೂ ಬರೀರಿ" ಅಂದಿದ್ದರು ಮೇಡಂ. ಜೂನ್: ಯೂನಿಫಾರ್ಮಿನ ಐದೂ ಗುಂಡಿ ತಾನೇ ಹಾಕಿಕೊಂಡಳು. ಆಗಸ್ಟ್: ಎರಡು. ದಸರಾ: ಎಡಗೈಲಿ ಲೋಟ ನಿಲ್ಲುವುದಿಲ್ಲ. ದೀಪಾವಳಿ: ಸುರುಸುರುಬತ್ತಿ ಜಾರಿ ಬಿತ್ತು. ಆಪರೇಷನ್ ಕಿತ್ತುಕೊಳ್ಳುತ್ತದೆ ಅಂದುಕೊಂಡಿದ್ದ ಕೈಯನ್ನು ಕಾಯಿಲೆ ಆಗಲೇ ಒಯ್ದಿತ್ತು. ಮರುದಿನ ಫೋನ್ ಮಾಡಿದೆ.

ಆಪರೇಷನ್ ಆಗಿ ಒಂದು ವಾರ ಜ್ವರ, ತಲೆನೋವು. ಅದು ಇರುತ್ತೆ ಅಂತ ಮೊದಲೇ ಹೇಳಿದ್ದರು. ಫಿಸಿಯೋಥೆರಪಿ ಆರು ತಿಂಗಳು, ಎಡಗಾಲಿಗೆ ಪ್ಲಾಸ್ಟಿಕ್ ಪಟ್ಟಿ. ಬಾಗಿಲ ಚೌಕಟ್ಟಿಗೆ ಎಡಭುಜ ತಾಗಿಸಿಕೊಳ್ಳುತ್ತಿದ್ದಳು. ತಟ್ಟೆಯ ಎಡಗಡೆ ಬಡಿಸಿದ ಪಲ್ಯ ಹಾಗೇ ಉಳಿಯುತ್ತಿತ್ತು, ತಟ್ಟೆ ತಿರುಗಿಸಿದರೆ "ಅಯ್ಯೋ, ಇದೂ ಇತ್ತಾ!" ಅನ್ನುತ್ತಿದ್ದಳು. ಈಗ ತಾನೇ ತಲೆ ತಿರುಗಿಸಿ ನೋಡುತ್ತಾಳೆ. ಕ್ಲಾಸಿನಲ್ಲಿ ಎಡಗಡೆಯ ಬೆಂಚು ಕೇಳಿ ಪಡೆದೆವು, ಬೋರ್ಡು ಅವಳ ಬಲಕ್ಕೆ ಬರಲಿ ಅಂತ.

ಕೊನೆಯ ಸಲ ಫಿಟ್ಸ್ ಬಂದು ಮೂರು ವರ್ಷವಾಯಿತು. ಮಾತ್ರೆ ಒಂದೊಂದೇ ಇಳಿಸುತ್ತಿದ್ದಾರೆ. ನಾಲ್ಕು ಗುಂಡಿಯನ್ನು ಬಲಗೈ ಒಂದರಲ್ಲೇ ಹಾಕಿಕೊಳ್ಳುತ್ತಾಳೆ. ಕತ್ತಿನ ಹತ್ತಿರದ್ದು ಮಾತ್ರ ಇನ್ನೂ ಅವರಮ್ಮನ ಪಾಲು.